ಎದ್ದ ಹಾಗೇ ಬನ್ನಿ

ಮನೆಯಿಂದ,
ಮೇ ಹದಿನಾಲ್ಕು, ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಬಾಲಂಗೋಚಿಗೆ ಅಕ್ಕನಿಂದ ಒಂದು ಮುತ್ತು ಮತ್ತು ಒಂದು ಗುದ್ದು.

ಗುದ್ದು ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಸೊಂಟದ ಸಮಾಚಾರ ಹೇಳು. ಹೋದ ಪತ್ರದಲ್ಲಿ ಸೊಂಟ ಹಿಡಿದುಕೊಂಡಿದೆ ಅಂತ ಒಂದು ಸಾಲು ಗೀಚಿ, ಮುಂದಿನ ಸಾಲಿಗೇ ಬಸ್ ಡಿಪೋದ ಬೆಕ್ಕು ಮರಿ ಹಾಕಿದ ಕಥೆಗೆ ಹಾರಿದ್ದೀಯ. ಆ ಬೆಕ್ಕು ಎಷ್ಟು ಮರಿಯಾದರೂ ಹಾಕಿಕೊಳ್ಳಲಿ, ನನಗೆ ಬೇಕಾದದ್ದು ನಿನ್ನ ಸೊಂಟ. ನಾನು ಹೊಲಿದು ಕಳಿಸಿದ ದಿಂಬನ್ನು ಬೆನ್ನಿಗೆ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲಾ ಜೊತೆಯ ಡ್ರೈವರುಗಳು ನಗುತ್ತಾರೆಂದು ಪೆಟ್ಟಿಗೆಯ ತಳಕ್ಕೆ ತುರುಕಿದ್ದೀಯೋ? ಹೂವಿನ ಬಟ್ಟೆ ನಾನು ಬೇಕೆಂದೇ ಹಾಕಿದ್ದು. ಅಂಥ ದಿಂಬನ್ನು ಯಾವ ಗಂಡಸೂ ಎತ್ತಿಕೊಂಡು ಹೋಗುವುದಿಲ್ಲ. ನಿನಗೆ ಬಸ್ಸು ಕಲಿಸುವ ಆ ಗುರುಗಳು ಈಗಲೂ ರಿವರ್ಸ್ ಹೊಡೆಯುವಾಗ ಕೂಗಾಡುತ್ತಾರೆಯೇ? "ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಲ್ಲಮ್ಮಾ" ಅಂದರೆಂದು ನೀನು ಬರೆದಿದ್ದನ್ನು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ ಬಿಡು, ನಿನ್ನನ್ನು ಬೆಳೆಸಿದವಳು ನಾನು, ನನಗೆ ಗೊತ್ತಿಲ್ಲವೇ.

ಈಗ ಗುದ್ದಿನ ವಿಷಯ. "ಈ ಸಲವೂ ಭತ್ಯೆಯ ಅರ್ಜಿ ವಾಪಸ್ ಬಂದರೆ ಟ್ರೈನಿಂಗ್ ಬಿಟ್ಟು ಗಂಟುಮೂಟೆ ಕಟ್ಟಿಕೊಂಡು ಬಂದುಬಿಡ್ತೀನಿ, ಬೆಳಿಗ್ಗೆ ಎದ್ದರೆ ನಿನ್ನ ಗುಂಡಿ ಹಾಕೋರು ಯಾರಿದ್ದಾರೆ" ಅಂತ ಬರೆದಿದ್ದೀಯಲ್ಲ, ಆ ಸಾಲಿಗೆ. ಚಿಕ್ಕವಳಿದ್ದಾಗ ರಸ್ತೆಯಲ್ಲಿ ಬಸ್ಸು ಕಂಡರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದವಳು ನೀನು. ಇನ್ನೇನು ಕೊನೆಯ ಪರೀಕ್ಷೆ ಪಾಸು ಮಾಡಿದರೆ ನಿನ್ನದೇ ಒಂದು ಬಸ್ಸು, ನಿನ್ನದೇ ಒಂದು ರೂಟು. ಅದನ್ನು ಬಿಟ್ಟು ಬಂದು ಅಕ್ಕನ ಅಂಗಿಯ ಗುಂಡಿ ಹಾಕುತ್ತಾಳಂತೆ, ದೊಡ್ಡ ತ್ಯಾಗಿ! ಈ ಪತ್ರ ಮುಗಿಸುವಷ್ಟರಲ್ಲಿ ನಿನ್ನ ತಲೆಯಿಂದ ಆ ಹುಳು ತೆಗೆಯದಿದ್ದರೆ ನಾನು ನಿನ್ನ ಅಕ್ಕನೇ ಅಲ್ಲ. ಅಕ್ಷರ ಸೊಟ್ಟಗಿದೆಯೆಂದು ಗಾಬರಿಯಾಗಬೇಡ. ಈ ಹೊತ್ತಿಗೆ ಬೆರಳು ಬಗ್ಗುತ್ತವೆ, ದಣಿದ ಕಡೆ ನಿಲ್ಲಿಸಿ ಬರೆಯುತ್ತಿದ್ದೇನೆ.

ಮೊದಲಿನಿಂದಲೇ ಹೇಳುತ್ತೇನೆ. ಅರ್ಧಕ್ಕರ್ಧ ನಿನಗೆ ಗೊತ್ತಿರುವುದೇ, ಆದರೂ ಸುಮ್ಮನೆ ಓದು. ನಡುವಿನಿಂದ ಶುರುಮಾಡಿದರೆ ನನಗೆ ದಾರ ಸಿಕ್ಕಾಗುತ್ತದೆ. ನಮ್ಮ ಯೂನಿಫಾರಂ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಹೀಗಿರುವಾಗ ಕೈಗಳೇ ನನಗೆ ಕೈ ಕೊಟ್ಟವು. ಬೆಳಿಗ್ಗೆ ಕಾರ್ಖಾನೆಯ ಗಂಟೆ ಹೊಡೆಯುವ ಹೊತ್ತಿಗೆ ಬೆರಳುಗಳು ಮರದ ತುಂಡಿನ ಹಾಗೆ ಬಿಗಿದುಕೊಂಡಿರುತ್ತಿದ್ದವು. ಮಧ್ಯಾಹ್ನದ ಹತ್ತಿರ ಒಂದೊಂದಾಗಿ ಬಿಡುತ್ತಿದ್ದವು. ಸೂಪರ್‌ವೈಸರ್ ಪಾಪ ಒಳ್ಳೆಯವನೇ, ನನ್ನನ್ನು ಕಾಲರಿನಿಂದ ಮಡಿಸುವ ಮೇಜಿಗೆ ಹಾಕಿದ, ಅಲ್ಲಿಂದ ಲೇಬಲ್ ಅಂಟಿಸುವ ಕಡೆಗೆ ಹಾಕಿದ, ಆಮೇಲೆ "ಅಕ್ಕಾ, ಇನ್ನು ನಿಮ್ಮನ್ನ ಎಲ್ಲಿ ಹಾಕ್ಲಿ ಹೇಳಿ" ಅಂತ ತಲೆ ಕೆರೆದುಕೊಂಡ. ಮನೆಗೆ ಬಂದೆ. ಆಗ ನೀನಿದ್ದೆ, ಬೆಳಿಗ್ಗೆಯ ನನ್ನ ಎರಡು ಕೈ ನೀನೇ ಆಗಿದ್ದೆ. ನಿನಗೆ ಬಸ್ ಟ್ರೈನಿಂಗಿನ ಕರೆ ಬಂದಾಗ ನೀನು ಬಾಗಿಲಲ್ಲೇ ನಿಂತು "ಹೆಂಗೆ ಬಿಟ್ಟು ಹೋಗ್ಲಿ" ಅಂದೆ, ನಾನು "ಹೋಗೇ, ಪರವಾಗಿಲ್ಲ" ಅಂದೆ. ಅಂಗವೈಕಲ್ಯ ಭತ್ಯೆಗೆ ಹಾಕಿದ ನನ್ನ ಮೊದಲ ಅರ್ಜಿ ಅದೇ ವಾರ ವೈದ್ಯಕೀಯ ಮಂಡಳಿಯಿಂದ ತಿರಸ್ಕಾರವಾಗಿ ಬಂತು. ದೈನಂದಿನ ಕೆಲಸಗಳನ್ನು ಅರ್ಜಿದಾರರು ಸ್ವತಂತ್ರವಾಗಿ ಮಾಡಿಕೊಳ್ಳಬಲ್ಲರಂತೆ, ಆದ್ದರಿಂದ ಅರ್ಹರಲ್ಲವಂತೆ. ಓದುತ್ತಾ ನನಗೆ ಬಂದ ಸಿಟ್ಟಿಗೆ ಆ ಕಾಗದ ಹರಿದುಹಾಕಬೇಕೆನಿಸಿತು. ಹರಿಯುವುದಕ್ಕೂ ಬೆರಳು ಬಗ್ಗಲಿಲ್ಲ, ಅದು ಬೇರೆ ಮಾತು.

ಆ ಅರ್ಜಿಗೆ ವರದಿ ಬರೆದುಕೊಟ್ಟವರು ನಮ್ಮ ಗಡಿಯಾರದ ಡಾಕ್ಟರು. ಹೆಸರು ನೀನೇ ಇಟ್ಟಿದ್ದು, ರೋಗಿಯ ಕೈ ಹಿಡಿದರೂ ತಮ್ಮ ಕೈಗಡಿಯಾರವನ್ನೇ ನೋಡುತ್ತಾರೆಂದು. ಅವರೇನು ಕೆಟ್ಟವರಲ್ಲ, ಹೊರಗೆ ಬಾಗಿಲವರೆಗೆ ಜನ ನಿಂತಿರುತ್ತಾರೆ. ಆಮೇಲೆ ದೊಡ್ಡ ಆಸ್ಪತ್ರೆಯ ಸ್ಪೆಷಲಿಸ್ಟ್ ಹತ್ತಿರ ಹೋದೆ. ಕಾಯಿಲೆಯ ಹೆಸರು ಹೇಳಿದವರು ಅವರೇ, ಸಂಧಿವಾತ, ಮೈಯೊಳಗಿನ ಉರಿ ಕೀಲುಗಳನ್ನು ತಿನ್ನುವಂಥದ್ದು. ಮಾತ್ರೆಯೂ ಒಳ್ಳೆಯದೇ ಬರೆದರು. ಭತ್ಯೆಯ ವರದಿ ಅಂದ ಕೂಡಲೇ ಮುಖ ಗಂಟುಹಾಕಿಕೊಂಡು "ನಾನು ಟ್ರೀಟ್‌ಮೆಂಟ್ ಕೊಡೋನಮ್ಮಾ, ಸರ್ಟಿಫಿಕೇಟ್ ಕೊಡೋನಲ್ಲ" ಅಂದರು. ಕಾಲಿಗೆ ಬೀಳುವುದೊಂದು ಬಾಕಿ. ಕಾಲಿಗೆ ಬೀಳುವ ಜಾಯಮಾನ ನಮ್ಮ ಮನೆತನದಲ್ಲೇ ಇಲ್ಲವಲ್ಲ, ಎದ್ದು ಬಂದೆ.

ದಾರಿ ತೋರಿಸಿದವರು ನಮ್ಮ ಕಾರ್ಖಾನೆಯ ಇಸ್ತ್ರಿಯಣ್ಣ. ಅವರ ಹೆಂಡತಿಗೆ ಬೆನ್ನುಮೂಳೆಯ ತೊಂದರೆ, ಎರಡು ವರ್ಷ ಇದೇ ಬಾಗಿಲುಗಳನ್ನು ತಟ್ಟಿ ಬಂದವರು. ನನ್ನ ಗೋಳನ್ನೆಲ್ಲ ಕೇಳಿಸಿಕೊಂಡು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಅಂದರು, "ಔಷಧಿ ಚೆನ್ನಾಗಿ ಕೊಡೋ ಡಾಕ್ಟ್ರು ನಿಮಗೆ ಸಿಕ್ಕಾಗಿದೆ. ಈಗ ಹುಡುಕಬೇಕಾಗಿರೋದು ಕೂತ್ಕೊಂಡು ಕೇಳೋ ಡಾಕ್ಟ್ರನ್ನ. ಕೇಳಿದೋರೇ ತಾನೇ ಬರೆಯೋಕಾಗೋದು?" ಸೈಕಲ್ ಅಂಗಡಿಯ ಮೇಲೆ ಒಬ್ಬ ಡಾಕ್ಟರಮ್ಮ ಇದ್ದಾರೆ, ಅಲ್ಲಿಗೆ ಹೋಗಿ ಎಂದರು. ನಾನು ಆ ಅಂಗಡಿಯ ಮುಂದೆ ಹದಿನೈದು ವರ್ಷ ಓಡಾಡಿದ್ದೇನೆ, ಮಹಡಿ ಇದೆಯೆಂದೇ ಗೊತ್ತಿರಲಿಲ್ಲ.

ಈಗ ನಗಬೇಡ, ಅಥವಾ ನಕ್ಕುಬಿಡು, ಹೇಗೂ ನಗುತ್ತೀಯ. ನಾನು ಡಾಕ್ಟರಮ್ಮನ ಹತ್ತಿರ ಹೊರಟಿದ್ದು ಎದುರುಮನೆ ಟೀಚರಮ್ಮನಿಗೆ ಗೊತ್ತಾಯಿತು. ಆ ಪುಣ್ಯಾತ್ಗಿತ್ತಿಗೆ ಗೊತ್ತಾಗದ ವಿಷಯ ಈ ಬೀದಿಯಲ್ಲಿ ಯಾವುದಿದೆ ಹೇಳು. ಬೆಳಿಗ್ಗೆಯೇ ಬಂದು ನನಗೆ ಇಸ್ತ್ರಿ ಅಂಗಿ ತೊಡಿಸಿ, ಗುಂಡಿ ಹಾಕಿ, ಜಡೆ ಹೆಣೆದು, ಚಪ್ಪಲಿಯ ಬಕಲ್ ಬಿಗಿದು, "ಡಾಕ್ಟ್ರ ಹತ್ರ ಹೋಗೋವಾಗ ನೀಟಾಗಿ ಹೋಗಬೇಕು" ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಒಳಗೆ ಹೋಗೋವಾಗ ಸ್ವಲ್ಪ ಕುಂಟು. ಕೂರೋವಾಗ ಅಮ್ಮಾ ಅನ್ನು. ಇಲ್ದಿದ್ರೆ ಯಾರೂ ನಂಬಲ್ಲ" ಅಂತ ಕಿವಿಯಲ್ಲಿ ಊದಿದರು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಸೈಕಲ್ ಅಂಗಡಿಯ ಮೆಟ್ಟಿಲು ಚೆನ್ನಾಗಿಯೇ ಹತ್ತಿದವಳು ಬಾಗಿಲ ಹತ್ತಿರ ಬಂದ ಮೇಲೆ ಕುಂಟಿದೆ. ಕುಂಟುತ್ತಾ ಹೋಗಿ ಅಮ್ಮಾ ಎಂದು ಕೂತೆ. ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿದರು. ನನ್ನ ವಯಸ್ಸಿನವರೇ, ತಲೆಗೂದಲು ಅರ್ಧ ನರೆತಿದೆ. "ಕಾಲಿಗೇನಾಯ್ತು?" ಎಂದರು. "ಕಾಲಿಗೇನಿಲ್ಲ, ಕೈಗೆ" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ "ಮತ್ತೆ ಕುಂಟಿದ್ದು ಯಾಕೆ?" ಎಂದರು. ನೆಲ ಬಿರಿಯಬಾರದೇ ಎನ್ನಿಸಿತು ಕಣೇ. ಬಾಯಿಗೆ ಸುಳ್ಳೂ ಬರಲಿಲ್ಲ, "ಎದುರುಮನೆಯವರು ಹೇಳಿದ್ರು" ಅಂದುಬಿಟ್ಟೆ. ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಈ ಕಾಯಿಲೆ ಬಂದ ಮೇಲೆ ಡಾಕ್ಟರ ಕೋಣೆಯಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ನಕ್ಕು ಮುಗಿದ ಮೇಲೆ ಆಕೆ ಗಟ್ಟಿಯಾಗಿಯೇ ಹೇಳಿದರು. "ನೋಡಿ, ಇಲ್ಲದ್ದನ್ನ ನಾನು ಬರೆಯಲ್ಲ. ಇರೋದನ್ನ ಬಿಡೋದೂ ಇಲ್ಲ. ಇದಕ್ಕೆ ಒಪ್ಪಿಗೆ ಇದ್ರೆ ಕೂತ್ಕೊಳ್ಳಿ." ಕೂತಿದ್ದೆನಲ್ಲ, ಕೂತೇ ಇದ್ದೆ. ಕೈ ಮುಟ್ಟಿ ನೋಡುತ್ತಾರೆಂದು ಚಾಚಿದರೆ ಅವರು ಕೈ ನೋಡಲೇ ಇಲ್ಲ, ನನ್ನ ಅಂಗಿ ನೋಡಿದರು. "ಈ ಗುಂಡಿ ಹಾಕಿದ್ದು ಯಾರು?" ಎಂದರು. ಟೀಚರಮ್ಮ ಎಂದೆ. "ಜಡೆ?" ಟೀಚರಮ್ಮ. "ಚಪ್ಪಲಿ?" ಅದೂ ಅವರೇ. "ಮೊದಲು ವರದಿ ಬರೆದ ಡಾಕ್ಟ್ರ ಹತ್ರ ಹೋಗಿದ್ದು ಯಾವಾಗ?" ಮಧ್ಯಾಹ್ನ, ಬೆಳಿಗ್ಗೆ ಹೊರಡೋಕೆ ಆಗಲ್ಲವಲ್ಲ. "ಆಗ ಯಾರು ತಯಾರು ಮಾಡಿದ್ರು?" ನನ್ನ ತಂಗಿ, ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಬೆಳಕಾಯಿತು. ನಾವಿಬ್ಬರೂ ಎಂಥ ಪೆದ್ದಿಯರು ನೋಡು. ಕೈಲಾಗದು ಎಂದು ಹೇಳಿಕೊಳ್ಳಲು ಹೋಗುವ ಮುಂಚೆ, ಕೈ ಬಿಡುವ ಹೊತ್ತನ್ನೇ ಕಾದು, ಬಿಸಿನೀರಲ್ಲಿ ಅದ್ದಿ ಇನ್ನಷ್ಟು ಸಡಿಲ ಮಾಡಿ, ನಿನ್ನ ಕೈಯಿಂದ ಅಲಂಕಾರ ಮಾಡಿಸಿಕೊಂಡು ಹೋಗುತ್ತಿದ್ದೆ. ಅಚ್ಚುಕಟ್ಟಾಗಿ ಬಟ್ಟೆ ತೊಟ್ಟಿದ್ದಾರೆ ಅಂತ ಗಡಿಯಾರದವರು ಬರೆದರೆ ಅದು ಅವರ ತಪ್ಪೇ? ಡಾಕ್ಟರಮ್ಮ ಹೇಳಿದರು, "ನಾಡಿದ್ದು ಬೆಳಿಗ್ಗೆ ನಿಮಗೋಸ್ಕರ ಬೇಗ ಬಾಗಿಲು ತೆಗೀತೀನಿ. ಎದ್ದ ಹಾಗೇ ಬನ್ನಿ. ಮಾತ್ರೆ ಎಂದಿನಂತೆ ತಗೊಳ್ಳಿ, ಬಿಸಿನೀರು ಬೇಡ, ಟೀಚರಮ್ಮನೂ ಬೇಡ."

ಎದ್ದ ಹಾಗೇ ಹೋಗುವುದು ಎಷ್ಟು ಕಷ್ಟ ಗೊತ್ತೇನೇ? ಜೀವನವಿಡೀ ಊರಿನವರ ಬಟ್ಟೆ ನೆಟ್ಟಗೆ ಕೂರಿಸಿದವಳು ನಾನು. ಆವತ್ತು ರಾತ್ರಿಯ ಅಂಗಿಯ ಮೇಲೆ ಕೋಟು ಹೊದ್ದು, ಗುಂಡಿ ಹಾಕದ ಕೋಟನ್ನು ಮೊಣಕೈಯಿಂದ ಒತ್ತಿ ಹಿಡಿದುಕೊಂಡು, ಕೆದರಿದ ತಲೆಯಲ್ಲಿ ಬೀದಿಗಿಳಿದೆ. ಬಾಗಿಲಿಗೆ ಬೀಗ ತಿರುಗಿಸಲಾಗದೆ ಸುಮ್ಮನೆ ಮುಂದಕ್ಕೆಳೆದು ಬಂದೆ. ತರಕಾರಿಯವನು ಗಾಡಿ ನಿಲ್ಲಿಸಿ "ಏನಕ್ಕಾ, ಮನೇಲಿ ಏನಾದ್ರೂ ಆಯ್ತಾ?" ಎಂದ. "ಆಗಿರೋದನ್ನೇ ತೋರಿಸೋಕೆ ಹೋಗ್ತಿದ್ದೀನಪ್ಪಾ" ಎಂದೆ. ಟೀಚರಮ್ಮ ಕಿಟಕಿಯಿಂದ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ, ಬಹಳ ನಾಚಿಕೆಯಾಯಿತು. ಆದರೂ ಅರ್ಧ ದಾರಿ ಕಳೆಯುವಷ್ಟರಲ್ಲಿ ಒಂಥರಾ ಧೈರ್ಯವೂ ಬಂತು. ನೋಡುವವರು ನೋಡಲಿ, ಇದೂ ನಾನೇ ತಾನೇ ಎನ್ನಿಸಿತು.

ಡಾಕ್ಟರಮ್ಮ ಮೇಜಿನ ಮೇಲೆ ಒಂದಿಷ್ಟು ಸಾಮಾನು ಇಟ್ಟುಕೊಂಡು ಕಾಯುತ್ತಿದ್ದರು. ಮುಚ್ಚಳದ ಬಾಟಲಿ, ಬೀಗದ ಕೈ, ಗುಂಡಿಯ ಅಂಗಿ, ನೀರು ತುಂಬಿದ ಲೋಟ. ಬಾಟಲಿಯ ಮುಚ್ಚಳ ನನ್ನನ್ನು ನೋಡಿ ನಕ್ಕಿತು. ಬೀಗದ ಕೈ ಎರಡು ಸಲ ನೆಲಕ್ಕೆ ಬಿತ್ತು. ಸಾವಿರಾರು ಗುಂಡಿ ಹೊಲಿದ ಕೈಗೆ ಒಂದು ಗುಂಡಿ ತೂತಿಗೆ ತೂರಿಸಲಾಗಲಿಲ್ಲ. ಆಕೆ ಒಂದೊಂದಕ್ಕೂ ಎಷ್ಟು ಹೊತ್ತಾಯಿತು, ಎಲ್ಲಿ ಕೈ ಜಾರಿತು, ಯಾವ ಬೆರಳು ಬಗ್ಗಲಿಲ್ಲ ಅಂತ ಬರೆದುಕೊಂಡರು. ಲೋಟ ಎತ್ತಿ ಎಂದರು. ಎರಡೂ ಅಂಗೈ ನಡುವೆ ಒತ್ತಿ ಎತ್ತಿದೆ, ತುಟಿಯವರೆಗೆ ಬಂದದ್ದು ಜಾರಿ ಬಿದ್ದು ಚೂರುಚೂರಾಯಿತು, ಕೋಟೆಲ್ಲ ನೀರು. "ನೋವಾಯ್ತಾ?" ಎಂದು ಆಕೆ ಎದ್ದು ಬಂದರೆ ನಾನು ಏನಂದಿರಬಹುದು ಹೇಳು ನೋಡೋಣ. "ಪರವಾಗಿಲ್ಲ."

ಡಾಕ್ಟರಮ್ಮ ಗಾಜು ಗುಡಿಸಿ ಬಂದು ಕೂತು, ಗಡಿಯಾರದ ಡಾಕ್ಟರ ಹತ್ತಿರದಿಂದ ತರಿಸಿದ್ದ ಕಾಗದಗಳನ್ನು ಎಳೆದುಕೊಂಡರು. ಒಂದೊಂದೇ ಸಾಲು ಓದಿದರು. ನೋವು ಹೇಗಿದೆ ಎಂದು ಕೇಳಲಾಗಿ ಪರವಾಗಿಲ್ಲ ಎನ್ನುತ್ತಾರೆ. ಮನೆಗೆಲಸ ಹೇಗೆ ಎಂದು ಕೇಳಲಾಗಿ ಪರವಾಗಿಲ್ಲ ಎನ್ನುತ್ತಾರೆ. ನಿದ್ದೆ, ಪರವಾಗಿಲ್ಲ. ನಡೆದಾಟ, ಪರವಾಗಿಲ್ಲ. "ಅಮ್ಮಾ, ನಿಮ್ಮ ಅರ್ಜಿ ತಳ್ಳಿಹಾಕಿದ್ದು ಮಂಡಳಿ ಅಲ್ಲ, ನೀವೇ" ಎಂದರು. ನನಗೆ ಸಿಟ್ಟೇ ಬಂತು. ಮತ್ತೇನು ಹೇಳಬೇಕಿತ್ತು? ಬಾಗಿಲಲ್ಲಿ ಅಷ್ಟು ಜನ ಕಾದಿರುವಾಗ ಅಯ್ಯೋ ಅಪ್ಪಾ ಎಂದು ರಾಗ ಎಳೆಯುವುದೇ? ನಮ್ಮ ಅಮ್ಮನಿಗೆ ಜ್ವರ ನೆತ್ತಿಗೇರಿದಾಗಲೂ ಬಾಯಲ್ಲಿ ಅದೇ ಮಾತು. ಮನೆಗೆ ಬೆಂಕಿ ಬಿದ್ದರೂ ಪರವಾಗಿಲ್ಲ, ಚಳಿ ಕಾಯಿಸಿಕೊಳ್ಳೋಣ ಎನ್ನುವ ಪೈಕಿ ನಾವು. ಅದನ್ನೇ ಹೇಳಿದೆ. ಆಕೆ, "ಗೊತ್ತು, ನಮ್ಮನೇಲೂ ಅದೇ. ನೀವು ಆ ಮಾತನ್ನ ಮರ್ಯಾದೆಗೆ ಅಂತೀರಿ, ಕಾಗದದ ಮೇಲೆ ಅದು ಆರೋಗ್ಯ ಅಂತ ಬೀಳುತ್ತೆ. ಈ ಕೋಣೇಲಿ ಆ ಮಾತು ಬೇಡ" ಎಂದರು. ಬಿಡುವುದಕ್ಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೇಳಿದ್ದಕ್ಕೆಲ್ಲ ನಾಲಿಗೆ ತುದಿಗೆ ಅದೇ ಬರುತ್ತಿತ್ತು, ಅರ್ಧಕ್ಕೆ ನುಂಗಿ ನುಂಗಿ ಬಿಕ್ಕಳಿಕೆ ಬಂದವಳ ಹಾಗೆ ಮಾತಾಡಿದೆ.

ಇಲ್ಲಿ ಎದ್ದು ಹೋಗಿ ಚಹಾ ಕುಡಿದು, ಕೈಗೆ ಸ್ವಲ್ಪ ಶಾಖ ಕೊಟ್ಟು ಬಂದೆ. ಮುಂದಿನದನ್ನು ಬರೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ಆಕೆ ಕೊನೆಗೆ ಕೇಳಿದರು, "ಇಡೀ ದಿನದಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟ ಯಾವುದು?" ಹೊಲಿಗೆ ಎನ್ನುತ್ತೇನೆಂದು ಅವರು ಪೆನ್ನು ಹಿಡಿದು ಕೂತಿದ್ದರು. ಬೆಳಿಗ್ಗೆ ಲಾಡಿ ಬಿಚ್ಚೋದು, ಎಂದೆ. ನೀನು ಹೋದ ಮೊದಲ ವಾರ, ಎದ್ದ ತಕ್ಷಣ ಅವಸರವಾಗಿ ಹೋದರೆ ಲಾಡಿಯ ಗಂಟು ಬಿಚ್ಚಲು ಆಗಲಿಲ್ಲ. ಹಲ್ಲಿಗೂ ಸಿಗದು, ಬೆರಳಿಗೂ ಸಿಗದು. ಬಚ್ಚಲ ಬಾಗಿಲಲ್ಲೇ ನಿಂತು ನಿಂತು, ಬಟ್ಟೆಯಲ್ಲೇ ಆಗಿಹೋಯಿತು. ಅವತ್ತೇ ಮಧ್ಯಾಹ್ನ ಕೂತು ನನ್ನ ಎಲ್ಲ ಬಟ್ಟೆಯ ಲಾಡಿ ಕಿತ್ತು ಎಲಾಸ್ಟಿಕ್ ಹಾಕಿದೆ. ಅದಕ್ಕೇ ಫೋನಿನಲ್ಲಿ ನೀನು ಏನು ಮಾಡ್ತಿದ್ದೀಯ ಅಂತ ಕೇಳಿದಾಗ ಏನೋ ಹೊಲೀತಿದ್ದೀನಿ ಎಂದಿದ್ದು. ಡಾಕ್ಟರಮ್ಮನ ಮುಂದೆ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಗೊಳೋ ಎಂದು ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳಲು ಕೈ ಬಾರದೆ ಇನ್ನೂ ಅಳು ಬಂತು. ಆಕೆ ತಮ್ಮ ಕರವಸ್ತ್ರದಿಂದ ನನ್ನ ಮುಖ ಒರೆಸಿದರು. ಗಡಿಯಾರ ನೋಡಲಿಲ್ಲ. ನಾನು ಸುಮ್ಮನಾದ ಮೇಲೆ "ಇದನ್ನ ಬರೀಲಾ? ನೀವು ಬೇಡ ಅಂದ್ರೆ ಬರೆಯಲ್ಲ" ಎಂದು ಕೇಳಿದರು. ಹಾಗೆ ಕೇಳಿದರಲ್ಲ, ಅದಕ್ಕೇ ಬರೀರಿ ಎಂದೆ.

ಒಂದು ಬೆಳಿಗ್ಗೆಗೆ ಮುಗಿಯಲಿಲ್ಲ. ಒಂದು ದಿನದ್ದು ಬರೆದರೆ ಆ ಒಂದು ದಿನ ಚೆನ್ನಾಗಿರಲಿಲ್ಲವೇನೋ ಎನ್ನುತ್ತಾರಂತೆ. ವಾರವಾರ ಬೆಳಿಗ್ಗೆ ಕರೆಸಿದರು, ನಡುವೆ ಒಂದೆರಡು ಸಲ ಮಧ್ಯಾಹ್ನವೂ ಕರೆಸಿದರು. ಸ್ಪೆಷಲಿಸ್ಟಿಗೆ ತಾವೇ ಫೋನು ಮಾಡಿ, ಆ ಸರ್ಟಿಫಿಕೇಟ್ ಕೊಡದ ಮಹಾರಾಯರಿಂದ ರಕ್ತ ಪರೀಕ್ಷೆಯ ಕಾಗದ, ಕೈಯ ಎಕ್ಸ್‌ರೇ ಎಲ್ಲ ತರಿಸಿಕೊಂಡರು. ವರದಿ ಸಿದ್ಧವಾದ ದಿನ ನನ್ನನ್ನು ಕೂರಿಸಿ ಪೂರ್ತಿ ಗಟ್ಟಿಯಾಗಿ ಓದಿದರು. ಕಾಯಿಲೆಯ ಹೆಸರು ಒಂದೇ ಸಾಲು. ಉಳಿದದ್ದೆಲ್ಲ ಬೆಳಗಿನ ನಾನು, ಏನಾಗುತ್ತದೆ, ಏನಾಗುವುದಿಲ್ಲ, ಯಾರ ಸಹಾಯ ಬೇಕು, ಎಷ್ಟು ಹೊತ್ತು ಬೇಕು. ಮಧ್ಯಾಹ್ನ ಸ್ವಲ್ಪ ಹೊತ್ತು ಹೊಲಿಯುತ್ತಾರೆ, ಆಮೇಲೆ ಬೆರಳು ಬಾತುಕೊಳ್ಳುತ್ತವೆ ಎಂದೂ ಬರೆದಿದ್ದರು. ಟೀಚರಮ್ಮ ಇದನ್ನು ಕೇಳಿ ಹಣೆ ಚಚ್ಚಿಕೊಂಡರು, ಹೊಲೀತಾಳೆ ಅಂತ ಯಾರಾದ್ರೂ ತಾವಾಗೇ ಹೇಳ್ತಾರಾ ಎಂದು. ನಾನೂ ಅದನ್ನು ಬಿಡಬಾರದೇ ಎಂದು ಡಾಕ್ಟರಮ್ಮನನ್ನು ಕೇಳಿದ್ದೆ. "ಅರ್ಧ ನಾವು ಬಚ್ಚಿಟ್ರೆ ಇನ್ನರ್ಧವನ್ನೂ ಅವರು ನಂಬಲ್ಲ. ನಿಮ್ಮ ಮಧ್ಯಾಹ್ನ ನಿಮ್ಮದು, ಅದಕ್ಕೆ ಯಾಕೆ ಹೆದರಬೇಕು?" ಎಂದರು. ಆ ಮಾತು ಮನಸ್ಸಿಗೆ ನಾಟಿತು. ನೀನೂ ಮನಸ್ಸಲ್ಲಿಟ್ಟುಕೋ.

ಆ ವರದಿ ಇಟ್ಟು ಮತ್ತೆ ಅರ್ಜಿ ಹಾಕಿದೆ, ಹೋದ ಗುರುವಾರ ಮಂಡಳಿಯ ಮುಂದೆ ಕರೆದರು. ಕರೆದದ್ದು ಯಾವಾಗ ಹೇಳು? ಮಧ್ಯಾಹ್ನವೇ! ಉದ್ದ ಮೇಜು, ಮೂರು ಜನ, ನಡುವೆ ಮಂಡಳಿಯ ಡಾಕ್ಟರು. ಮುಷ್ಟಿ ಮುಚ್ಚಿ ಎಂದರು, ಮುಚ್ಚಿದೆ. ತೆಗೆಯಿರಿ ಎಂದರು, ತೆಗೆದೆ. "ಚೆನ್ನಾಗೇ ಆಡುತ್ತಲ್ಲಮ್ಮಾ ಕೈ" ಎಂದರು. ನಾಲಿಗೆ ತುದಿಗೆ ಬಂದಿತ್ತು ಕಣೇ ಆ ಹಾಳು ಮಾತು! ಕಚ್ಚಿ ಹಿಡಿದೆ. "ಹೌದು ಸಾರ್, ಈ ಹೊತ್ತಿಗೆ ಆಡುತ್ತೆ. ಬೆಳಿಗ್ಗೆ ಕರೆದಿದ್ರೆ ಕೋಟಿನ ಗುಂಡಿ ಹಾಕದೇ ಬರ್ತಿದ್ದೆ. ಎಲ್ಲಾ ಅದ್ರಲ್ಲಿ ಬರೆದಿದೆ, ನಾನು ಮಧ್ಯಾಹ್ನ ಹೊಲಿಯೋದೂ ಬರೆದಿದೆ, ಓದಿ ಸಾರ್" ಎಂದೆ. ಅವರು ವರದಿಯ ಹಾಳೆ ತಿರುವಿದರು, ಓದಿದರು, ಪಕ್ಕದಲ್ಲಿದ್ದ ಹೆಂಗಸಿಗೆ ಒಂದು ಕಡೆ ಬೆರಳಿಟ್ಟು ತೋರಿಸಿದರು. ಆ ಹೆಂಗಸು ಓದಿ ತಲೆಯೆತ್ತಿ ನನ್ನನ್ನು ನೋಡಿದಳು. ಯಾವ ಸಾಲೆಂದು ನನಗೆ ಗೊತ್ತು. ನಾನು ತಲೆ ತಗ್ಗಿಸಲಿಲ್ಲ. ಆಮೇಲೆ ಇನ್ನೆರಡು ಪ್ರಶ್ನೆ ಕೇಳಿ, ತೀರ್ಮಾನ ಅಂಚೆಯಲ್ಲಿ ಬರುತ್ತದೆ, ತಿಂಗಳಾಗಬಹುದು ಎಂದು ಕಳಿಸಿದರು. ಹೊರಗೆ ಬೆಂಚಿನ ಮೇಲೆ ಡಾಕ್ಟರಮ್ಮ ಕೂತಿದ್ದರು! ಬರಬೇಕೆಂದು ಯಾವ ನಿಯಮವೂ ಇಲ್ಲ. ಈ ಕಡೆ ಏನೋ ಕೆಲಸವಿತ್ತು ಎಂದರು. ಎಂಥ ಕೆಲಸವೂ ಇರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಸಿಗುತ್ತದೆ ಅಂತಲೇ ನನ್ನ ಮನಸ್ಸು ಹೇಳುತ್ತಿದೆ. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಮೊದಲ ಸಲ ಹೋದ ಕಾಗದದಲ್ಲಿ ಇದ್ದವಳು ಯಾರೋ, ಈ ಸಲ ಹೋದವಳು ನಾನೇ. ಸಿಗದೇ ಹೋದರೂ ಮೇಲ್ಮನವಿ ಇದೆಯಂತೆ, ಡಾಕ್ಟರಮ್ಮ ಈಗಲೇ ತೋಳೇರಿಸಿ ಕೂತಿದ್ದಾರೆ. ಹೊಸ ಮಾತ್ರೆಯಿಂದ ಹೆಬ್ಬೆರಳು ಮೊದಲಿಗಿಂತ ಸ್ವಲ್ಪ ಬೇಗ ಬಿಡುತ್ತಿದೆ. ಉಳಿದವು ಇನ್ನೂ ಹಟ ಹಿಡಿದಿವೆ, ನೋವೂ ಇದೆ. ನೋಡಿದೆಯಾ, ನೋವಿದೆ ಎಂದು ಎಷ್ಟು ಸಲೀಸಾಗಿ ಬರೆದೆ. ನೀನೂ ಸೊಂಟದ ವಿಷಯ ಹೀಗೇ ಬರೆಯಬೇಕು.

ಟೀಚರಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಬಸ್ಸಿನಲ್ಲಿ ಸೀಟಿನ ಕೆಳಗೆ ಸಿಕ್ಕ ಛತ್ರಿಗಳನ್ನು ಏನು ಮಾಡುತ್ತಾರೆಂದು ಕೇಳಲು ಹೇಳಿದ್ದಾರೆ. ಇಸ್ತ್ರಿಯಣ್ಣ ಮತ್ತು ಅವರ ಹೆಂಡತಿ ನಿನ್ನನ್ನು ವಿಚಾರಿಸಿದರು. ನಿನ್ನ ಗುರುಗಳಿಗೆ ನನ್ನ ನಮಸ್ಕಾರ ಹೇಳು, ಇನ್ನೂ ಜೋರಾಗಿ ಕೂಗಲಿ ಎಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಗಾಲಿಗಳು ನೆಟ್ಟಗೆ ಉರುಳಲಿ, ನಿನ್ನ ದಾರಿಗೆ ಯಾರೂ ಅಡ್ಡ ಬರದಿರಲಿ, ನಾನೂ ಸೇರಿ.

ನಿನ್ನನ್ನು ಹೊತ್ತು ತಿರುಗಿದ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯುವುದಕ್ಕೆ ಧೈರ್ಯ ಸಾಲದೆ ಕೊನೆಗೆ ತಳ್ಳಿದ್ದು. ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನ ಕೋಣೆಯನ್ನು ಬಾಡಿಗೆಗೆ ಕೊಟ್ಟೆ. ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ಹೆಂಗಸು, ಭಾನುವಾರ ಬಂದು ಸೇರಿದಳು. ಬೆಳಕು ಹರಿಯುವಾಗ ಕೆಲಸ ಮುಗಿಸಿ ಬರುತ್ತಾಳೆ, ನನ್ನ ಗುಂಡಿ ಹಾಕಿ, ಜಡೆ ಹೆಣೆದು, ನಲ್ಲಿ ತಿರುಗಿಸಿಕೊಟ್ಟು ಮಲಗುತ್ತಾಳೆ. ಅದಕ್ಕೆ ಬಾಡಿಗೆ ಕಡಿಮೆ ಮಾಡಿದ್ದೇನೆ. ಡಾಕ್ಟರಮ್ಮನಿಗೂ ಹೇಳಿದೆ, ಅವರು ಅದನ್ನೂ ಬರೆದು ಮಂಡಳಿಗೆ ಕಳಿಸಿದರು. ಅಂಚೆಯಲ್ಲಿ ಹೂಂ ಬರಲಿ, ಊಹೂಂ ಬರಲಿ, ನೀನು ಬಿಟ್ಟು ಬರುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಕೋಣೆ ಖಾಲಿ ಮಾಡುವಾಗ ನಿನ್ನ ಹಾಸಿಗೆಯ ಮೇಲೆ ಕೂತು ಬಹಳ ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ಇನ್ನು ಮೇಲೆ ನೀನು ಈ ಮನೆಗೆ ನೆಂಟರ ಪೈಕಿ. ಪರೀಕ್ಷೆ ಪಾಸಾದ ಮೇಲೆ ಬಾ, ನನ್ನ ಜೊತೆ ನಡುಮನೆಯಲ್ಲಿ ಮಲಗು, ನಾಲ್ಕು ದಿನ ಇದ್ದು ಹೋಗು.